ಒಂದು ಬಗೆಯ ಮೀನು

ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದವನು ನಾನು. ಹಳಗನ್ನಡ ಕಾವ್ಯಗಳಲ್ಲಿ ಕೊಳದ ವರ್ಣನೆ ಬಂದಲ್ಲಿ ಮೀನೂ ಬರುತ್ತದೆ. ಮೀನು ಬಂದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗನಾದರೂ ಎದ್ದು ನಿಂತು, "ಶಫರ ಎಂದರೆ ಯಾವುದು, ಸಾರ್?" ಎಂದು ಕೇಳುವುದು ವಾಡಿಕೆ. "ಒಂದು ಬಗೆಯ ಮೀನು" ಎನ್ನುತ್ತಿದ್ದೆ. "ಪಾಠೀನ?" "ಅದೂ ಒಂದು ಬಗೆಯ ಮೀನೇ. ಕೂತುಕೋ." ಹುಡುಗ ಕೂರುತ್ತಿದ್ದ, ಪಾಠ ಮುಂದೆ ಸಾಗುತ್ತಿತ್ತು. ನನ್ನದು ಉಡಾಫೆಯ ಉತ್ತರವೆಂದು ಯಾರೂ ತಿಳಿಯಬಾರದು. ನಮ್ಮ ನಿಘಂಟುಗಳನ್ನು ತೆರೆದು ನೋಡಿದರೂ ಹಲವೆಡೆ ಅಷ್ಟೇ ಸಿಕ್ಕುತ್ತದೆ. ಮರವಾದರೆ ಹೂವಿನ ಬಣ್ಣ ಹೇಳಿಯಾರು, ಹಕ್ಕಿಯಾದರೆ ಕೊಕ್ಕಿನ ಉದ್ದ ಹೇಳಿಯಾರು. ಮೀನಿನ ಮಟ್ಟಿಗೆ ಮಾತ್ರ ನಿಘಂಟುಕಾರರು ದಡದಲ್ಲೇ ನಿಂತುಬಿಡುತ್ತಾರೆ.

ನಾನೂ ದಡದಲ್ಲೇ ನಿಂತವನು. ಎಪ್ಪತ್ತರ ಅಂಚಿನಲ್ಲಿ ಒಮ್ಮೆ ನೀರಿಗಿಳಿದೆ. ಇಳಿಸಿದವನು ನನ್ನ ಸೋದರಳಿಯ.

ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗ. ಹೋದ ಚಳಿಗಾಲದಲ್ಲಿ ಗೆಳೆಯರೊಡನೆ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿಬಂದ. ನೇತ್ರಾಣಿಯ ಸುತ್ತ ಸಮುದ್ರದೊಳಗೆ ಹವಳದ ದಿಬ್ಬಗಳಿವೆ. ಅವುಗಳ ನಡುವೆ ಬಣ್ಣಬಣ್ಣದ ಮೀನುಗಳು ಆಡುತ್ತವೆ. ಕಣ್ಣು ಮೂಗುಗಳನ್ನು ಮುಚ್ಚುವ ಗಾಜಿನ ಮುಖವಾಡವೊಂದು, ಬಾಯಲ್ಲಿ ಕಚ್ಚಿಕೊಳ್ಳುವ ಬಾಗಿದ ಕೊಳವೆಯೊಂದು—ಸ್ನಾರ್ಕೆಲ್ ಎಂದು ಅದರ ಹೆಸರು—ಇಷ್ಟಿದ್ದರೆ ಬೋರಲು ತೇಲುತ್ತ ಗಂಟೆಗಟ್ಟಲೆ ಅವನ್ನು ನೋಡಬಹುದಂತೆ. ಅಲ್ಲಿ ಅವನಿಗೆ ಹಿಂದೆಂದೂ ಕಾಣದ ಮೀನೊಂದು ಕಂಡಿತು. ತಟ್ಟೆಯಂತೆ ಚಪ್ಪಟೆ ಮೈ. ಕಪ್ಪು ಬಿಳುಪಿನ ಪಟ್ಟಿಗಳು. ಬೆನ್ನ ರೆಕ್ಕೆಯಿಂದ ಹಿಂದಕ್ಕೆ ಚಾಚಿ ಹಾರಾಡುವ ಉದ್ದನೆಯ ಬಿಳಿಯ ಎಳೆ, ತೇರಿನ ಪತಾಕೆಯ ಹಾಗೆ.

"ಮನೆಗೆ ಬಂದು ಪುಸ್ತಕ ತೆಗೆದು ನೋಡಿದರೆ, ಮಾವ, ಹಾಗಿರುವ ಮೀನು ಎರಡಿವೆ," ಎಂದ. "ಒಂದು ಚಿಟ್ಟೆಮೀನಿನ ಕುಲದ್ದು, ಇನ್ನೊಂದು ಬೇರೆಯೇ ಕುಲದ್ದು. ದೂರದಿಂದ ಅವಳಿ ಮಕ್ಕಳ ಹಾಗೆ. ಬಾಲ ನೋಡಬೇಕು. ಹಳದಿಯಾದರೆ ಚಿಟ್ಟೆಮೀನಿನ ಕುಲ, ಕಪ್ಪಾದರೆ ಇನ್ನೊಂದು. ನಾನು ಆ ಪತಾಕೆಯನ್ನೇ ಬಾಯಿ ಬಿಟ್ಟು ನೋಡುತ್ತಿದ್ದೆ. ಬಾಲ ನೋಡಿದ್ದೆನೋ ಇಲ್ಲವೋ ಎಂದು ಎರಡು ದಿನ ಯೋಚಿಸಿದೆ."

"ಆಮೇಲೆ?"

"ನೋಡಿದ್ದೆ. ಹಳದಿ. ಅಂದಕ್ಕೆ ಮರುಳಾದರೆ ಗುರುತು ಸಿಕ್ಕುವುದಿಲ್ಲ ಮಾವ. ವ್ಯತ್ಯಾಸ ಎಲ್ಲಿದೆಯೋ ಅಲ್ಲಿ ಕಣ್ಣಿಡಬೇಕು."

ಪಾಠಾಂತರ ಹುಡುಕುವ ಪಂಡಿತನಿಗೆ ಹೇಳಬೇಕಾದ ಮಾತು ಇದೇ ಅಲ್ಲವೇ ಎಂದುಕೊಂಡೆ. ಎರಡು ಓಲೆಗರಿಯ ಪ್ರತಿಗಳು ನೂರು ಕಡೆ ಒಂದೇ ಆಗಿದ್ದರೆ ನಮಗೇನೂ ತಿಳಿಯದು. ಬೇರೆಯಾಗುವ ಒಂದೇ ಒಂದು ಅಕ್ಷರ ಅವುಗಳ ಹುಟ್ಟನ್ನು ಹೇಳಿಬಿಡುತ್ತದೆ.

*

ರಥಸಪ್ತಮಿಯ ಸುಮಾರಿಗೆ ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ ಜಾತ್ರೆ. ಬೆಟ್ಟದ ಮೇಲೆ ಕಲ್ಯಾಣ ವೆಂಕಟರಮಣ, ಕೆಳಗೆ ಹೇಮಾವತಿ. ಜಾತ್ರೆಯ ದನಗಳನ್ನು ನೋಡಲು ಹೋಗುವುದು ನನ್ನ ಹಳೆಯ ಅಭ್ಯಾಸ. ಈ ಸಲ ಸೋದರಳಿಯನೂ ಜೊತೆಗೆ ಬಂದ. ಅವನ ಚೀಲದಲ್ಲಿ ಆ ಮುಖವಾಡವೂ ಇತ್ತು. ಆ ದಿನಗಳಲ್ಲಿ ಮಳೆಗಾಲದ ಕೆಂಪು ಇಳಿದು ನೀರು ತಿಳಿಯಾಗಿರುತ್ತದೆ. ಅಣೆಕಟ್ಟೆಯನ್ನು ದಾಟಿ ಬಂದ ಹೊಳೆ ಬಂಡೆಗಳ ನಡುವೆ ಕವಲೊಡೆದು, ಅಲ್ಲಲ್ಲಿ ಎದೆಯುದ್ದದ ಮಡುಗಳಾಗಿ ನಿಲ್ಲುತ್ತದೆ. ರಂಗನತಿಟ್ಟಿನ ಮೊಸಳೆಗಳ ನೆನಪು ನನಗಿತ್ತು. ಊರಿನವರನ್ನು ಎರಡೆರಡು ಸಲ ಕೇಳಿ, ಅವರು ತೋರಿಸಿದ ಜಾಗದಲ್ಲೇ ಇಳಿದೆವು.

ಮೊದಲು ಅವನು ನೋಡಿದ. ಆಮೇಲೆ ನನ್ನ ಕನ್ನಡಕ ತೆಗೆಸಿ, ಮುಖವಾಡ ಕಟ್ಟಿ, ಕೊಳವೆ ಕಚ್ಚಿಸಿ, ಬಂಡೆಯ ಅಂಚನ್ನು ಹಿಡಿದುಕೊಳ್ಳಲು ಹೇಳಿ, ಮುಖ ಅದ್ದಿಸಿದ. ಮೊದಲ ಉಸಿರಿಗೆ ನೀರು ಕುಡಿದೆ. ಎರಡನೆಯದಕ್ಕೆ ಹೆದರಿದೆ. ಮೂರನೆಯ ಉಸಿರು ನೆಟ್ಟಗಾದಾಗ ಎದುರಿಗೊಂದು ಜಗತ್ತು ಇತ್ತು. ಜೀವಮಾನವೆಲ್ಲ ಈ ಹೊಳೆಯ ನೀರು ಕುಡಿದವನು ಅದರ ಒಳಗನ್ನು ಆವರೆಗೆ ಒಮ್ಮೆಯೂ ಕಂಡಿರಲಿಲ್ಲ. ಬೆಣಚುಕಲ್ಲುಗಳ ಮೇಲೆ ಬಿಸಿಲಿನ ಬಲೆ ಅಲುಗಾಡುತ್ತಿತ್ತು. ಬೆರಳುದ್ದದ ಮರಿಗಳ ಹಿಂಡೊಂದು ಅದರ ಕಣ್ಣುಗಳಲ್ಲಿ ನುಸುಳಿ ಹೋಯಿತು.

ಆಗ ಬಂತು ಅದು. ಬಂಡೆಯ ನೆರಳಿನಿಂದ, ಯಾವ ಆತುರವೂ ಇಲ್ಲದೆ. ಒಂದೂವರೆ ಮೊಳದಷ್ಟು ಉದ್ದವಿದ್ದೀತು. ಹಿತ್ತಾಳೆಯ ಹೊಳಪಿನ ಮೈ. ಎಣಿಸಬಹುದಾದಷ್ಟು ದೊಡ್ಡ ಹುರುಪೆಗಳು, ಒಂದೊಂದೂ ಹಳೆಯ ಬೆಳ್ಳಿಯ ರೂಪಾಯಿಯಂತೆ. ದಪ್ಪ ತುಟಿ, ತುಟಿಯ ಪಕ್ಕದಲ್ಲಿ ಸಣ್ಣ ಮೀಸೆಗಳು. ನನ್ನ ಕಡೆ ತಿರುಗಿ, ಪರೀಕ್ಷೆಯ ಕೊಠಡಿಯಲ್ಲಿ ಮೇಲ್ವಿಚಾರಕನು ನೋಡುವಂತೆ ಒಮ್ಮೆ ನೋಡಿ, ಮಡುವಿನ ಆಳಕ್ಕೆ ಸರಿಯಿತು.

ಮೇಲೆದ್ದವನೇ ಕೂಗಿದೆ: "ಕಂಡೆ! ಅಜ್ಜಿಯ ಮೀನು ಕಂಡೆ!"

*

ಅಜ್ಜಿಯ ಮೀನಿನ ಕಥೆ ಹೇಳಬೇಕು. ನನ್ನ ಬಾಲ್ಯದಲ್ಲಿ, 1960ರ ಆಚೀಚೆ, ಅಮಾವಾಸ್ಯೆ ಸಂಕ್ರಾಂತಿಗಳಂದು ಅಜ್ಜಿ ನನ್ನನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಕರೆದೊಯ್ಯುತ್ತಿದ್ದಳು. ಸ್ನಾನವಾದ ಮೇಲೆ ಸೆರಗಿನ ಗಂಟಿನಿಂದ ಪುರಿ ತೆಗೆದು ನೀರಿಗೆ ಎರಚುತ್ತಿದ್ದಳು. ಸಣ್ಣ ಮೀನುಗಳು ಮುತ್ತಿಕೊಳ್ಳುತ್ತಿದ್ದವು. ಒಂದು ಸಲ—ಒಂದೇ ಸಲ—ಅವೆಲ್ಲ ಚದುರಿ, ಕೆಳಗಿನಿಂದ ಅಗಲವಾದ ಬೆನ್ನೊಂದು ಎದ್ದಿತು. ತಲೆಯ ಹಿಂದಿನಿಂದಲೇ ಉಬ್ಬಿದ ಬೆನ್ನು, ಸಂಜೆಯ ಬಣ್ಣದ ಬಾಲ. ನಾನು ಅಜ್ಜಿಯ ಸೆರಗು ಹಿಡಿದೆ. "ಹೆದರಬೇಡ, ದೇವರ ಮೀನು" ಎಂದಳು. ಮುಂದೆ ಅಜ್ಜಿಯ ಅಸ್ಥಿಯನ್ನು ನಾವು ಬಿಟ್ಟದ್ದೂ ಅದೇ ನೀರಿನಲ್ಲಿ. ಅಂದು ನಾನು ನೋಡಿದ್ದು ಹೊಳೆಯನ್ನಲ್ಲ, ಆ ಬೆನ್ನು ಮತ್ತೆ ಏಳುವುದೇ ಎಂದು. ಏಳಲಿಲ್ಲ.

ಕಾವೇರಿಯ ಆ ದೊಡ್ಡ ಮೀನಿಗೆ ಮಹಶೀರ್ ಎಂದು ಹೆಸರೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ. ಮಹಾಶಿರ ಎಂಬುದರಿಂದ ಬಂದದ್ದೆಂದು ಕೆಲವರು, ಮಹಾಶಲ್ಕ ಎಂಬುದರಿಂದ ಎಂದು ಕೆಲವರು. ಎರಡೂ ಆ ಮೀನಿಗೆ ಒಪ್ಪುತ್ತವೆ. ನಮ್ಮ ಹೊಳೆಯ ಬೆಸ್ತರು ಬಿಳಿಮೀನು ಎನ್ನುತ್ತಾರೆ. ದವಡೆಯಲ್ಲಿ ಹಲ್ಲಿಲ್ಲ, ಗಂಟಲೊಳಗೆ ಮೂರು ಸಾಲು ಹಲ್ಲು. ಏಡಿ, ಬಸವನಹುಳು, ಹಣ್ಣು, ಪುರಿ ಯಾವುದಾದರೂ ಆದೀತು. ಮಂಗಳೂರಿನ ಕಡೆ ಕಲೆಕ್ಟರಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ 1873ರಲ್ಲಿ ಅಚ್ಚು ಹಾಕಿಸಿದ ಗಾಳದ ಬೇಟೆಯ ಪುಸ್ತಕದಿಂದ ಈ ಮೀನಿನ ಕೀರ್ತಿ ಕಡಲಾಚೆಗೆ ಹೋಯಿತು. 1946ರ ಮಾರ್ಚಿಯಲ್ಲಿ, ಪ್ರಾಣಿಗಳ ಚರ್ಮ ತುಂಬುವ ಕಸುಬಿಗೆ ಹೆಸರಾಗಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಪಿಲೆಯಲ್ಲಿ ಹಿಡಿದ ಮಹಶೀರ್ 120 ಪೌಂಡು ತೂಗಿತು. ಎಂದರೆ ಸುಮಾರು 54 ಕಿಲೋಗ್ರಾಂ, ಒಬ್ಬ ಆಳಿನ ತೂಕ.

ವಿನೋದವೆಂದರೆ, ಇಷ್ಟು ಪ್ರಸಿದ್ಧವಾದ ಮೀನಿಗೆ ನೂರೈವತ್ತು ವರ್ಷ ಕಾಲ ಸರಿಯಾದ ಶಾಸ್ತ್ರೀಯ ಹೆಸರೇ ಇರಲಿಲ್ಲ. ಕರ್ನಲ್ ಸೈಕ್ಸ್ ಎಂಬಾತ 1839ರಲ್ಲಿ ಪುಣೆಯ ಸುತ್ತಿನ ನದಿಗಳ ಮೀನುಗಳನ್ನು ವರ್ಣಿಸುತ್ತ ಒಂದಕ್ಕೆ ಮುಸ್ಸುಲ್ಲಾ ಎಂದೂ ಇನ್ನೊಂದಕ್ಕೆ ಖುದ್ರೀ ಎಂದೂ ಹೆಸರಿಟ್ಟಿದ್ದ. ಭಾರತದ ಮೀನುಶಾಸ್ತ್ರಕ್ಕೆ ಹಿರಿಯರಾದ ಸುಂದರಲಾಲ್ ಹೋರಾ ಅವರು 1943ರಲ್ಲಿ ಕಾವೇರಿಯ ಗೂನುಬೆನ್ನಿನ ಮಹಶೀರ್ ಮುಸ್ಸುಲ್ಲಾವೇ ಎಂದರು. ದೊಡ್ಡವರ ಮಾತು, ಬಹುಕಾಲ ನಡೆಯಿತು. 2013ರ ಸುಮಾರಿಗೆ ಮರುಪರಿಶೀಲನೆಯಾದಾಗ ಸೈಕ್ಸನ ಮುಸ್ಸುಲ್ಲಾ ಮಹಶೀರಿನ ಕುಲದ್ದೇ ಅಲ್ಲ, ಬೇರೊಂದು ಕುಲದ ಮೀನು ಎಂದು ಗೊತ್ತಾಯಿತು. ಎರವಲು ತಂದ ಹೆಸರು ವಾಪಸಾಯಿತು. ಕಾವೇರಿಯ ರಾಜ ಮತ್ತೆ ಅನಾಮಿಕನಾದ.

ಕೊನೆಗೆ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಅವರ ಸಂಗಡಿಗರು, ಕಾವೇರಿಯ ಉಪನದಿಗಳ ಬಳಗಕ್ಕೆ ಸೇರಿದ ಮೋಯಾರ್ ಹೊಳೆಯಲ್ಲಿ ಸಿಕ್ಕ ಗೂನುಬೆನ್ನಿನ ಮೀನುಗಳನ್ನು ಪರೀಕ್ಷಿಸಿದರು; ಹುರುಪೆಗಳನ್ನು ಎಣಿಸಿದರು, ತಲೆಯ ಉದ್ದ ಅಳೆದರು, ವಂಶವಾಹಿಯನ್ನು ಹೋಲಿಸಿದರು. ಕೆಲವೇ ವರ್ಷ ಹಿಂದೆ ಕೇರಳದ ಪಾಂಬಾರ್ ಹೊಳೆಯ ಸಣ್ಣ ಮೀನುಗಳನ್ನು ನೋಡಿ ವಿದ್ವಾಂಸರಿಬ್ಬರು ಟಾರ್ ರೆಮಾದೇವಿ ಎಂದು ಹೆಸರಿಟ್ಟಿದ್ದರು—ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಮೀನುತಜ್ಞೆ ರೆಮಾದೇವಿಯವರ ಗೌರವಾರ್ಥ. ಆ ಮರಿಗಳೂ ಕಾವೇರಿಯ ದೈತ್ಯನೂ ಒಂದೇ ಜಾತಿ ಎಂದು 2018ರಲ್ಲಿ ಸಿದ್ಧವಾಯಿತು. ಮಗುವನ್ನು ನೋಡಿ ಇಟ್ಟ ಹೆಸರಿನಿಂದ ತಾತನನ್ನು ಕರೆದಂತಾಯಿತು.

ಹೆಸರೊಂದರಿಂದ ಏನಾದೀತು ಎಂದು ಕೇಳಬಹುದು. ಹೆಸರಿಲ್ಲದ ಜೀವಿಗೆ ಪಟ್ಟಿಯಲ್ಲಿ ಸ್ಥಳವಿಲ್ಲ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಈ ಮೀನು ಹೆಸರು ಸಿಕ್ಕ ಅದೇ 2018ರಲ್ಲಿ ಸೇರಿತು. ಸೇರಿದ್ದು ತೀರ ಗಂಡಾಂತರದ ವರ್ಗದಲ್ಲಿ. ನಾಮಕರಣವೂ ಕಾಯಿಲೆಯ ಚೀಟಿಯೂ ಒಂದೇ ವರ್ಷ ಕೈಗೆ ಬಂದವು.

*

ಮರಳುವ ದಾರಿಯಲ್ಲಿ ನಾನು ಇದನ್ನೆಲ್ಲ ಉತ್ಸಾಹದಿಂದ ಹೇಳುತ್ತಿದ್ದೆ. ಅಕ್ಕಿಹೆಬ್ಬಾಳಿನ ಹೆಸರಿನ ಹಲಗೆ ಕಂಡಾಗ, ಎ. ಎನ್. ಮೂರ್ತಿರಾಯರ ಹುಟ್ಟೂರು ಇದು, ಈ ಮೀನಿನ ಮೇಲೆ ಅವರಾದರೆ ಎಂಥ ಪ್ರಬಂಧ ಬರೆಯುತ್ತಿದ್ದರು ಎಂದೆ. ಹುಡುಗ ಸುಮ್ಮನೆ ಕೇಳಿ, ಆಮೇಲೆ ಮೆಲ್ಲನೆ ಪ್ರಶ್ನೆ ಹಾಕಿದ.

"ಎಷ್ಟುದ್ದ ಇತ್ತು ಮಾವ?"

"ಒಂದೂವರೆ ಮೊಳ."

"ಮುಖವಾಡದ ಗಾಜಿನಿಂದ ನೋಡಿದರೆ ನೀರಿನೊಳಗೆ ಎಲ್ಲವೂ ಮೂರರಲ್ಲಿ ಒಂದು ಪಾಲು ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಒಂದು ಮೊಳಕ್ಕೆ ಸ್ವಲ್ಪ ಮೇಲೆ ಅನ್ನೋಣ. ಬೆನ್ನು ಹೇಗಿತ್ತು? ತಲೆಯಿಂದಲೇ ಎದ್ದಿತ್ತೋ, ಸಲೀಸಾಗಿತ್ತೋ?"

ಯೋಚಿಸಿದೆ. ಸಲೀಸಾಗಿತ್ತು. "ಚಿಕ್ಕದಿರಬೇಕು, ದೊಡ್ಡದಾದ ಮೇಲೆ ಗೂನು ಏಳಬಹುದು" ಎಂದೆ.

"ಇರಬಹುದು. ರೆಕ್ಕೆ, ಬಾಲದ ಬಣ್ಣ?"

ಉತ್ತರ ನನಗೆ ಗೊತ್ತಿತ್ತು. ಹೇಳಲು ಮನಸ್ಸು ಬರಲಿಲ್ಲ. ಬಾಲವನ್ನು ನಾನು ನೋಡಿದ್ದೆ. ಆಳಕ್ಕೆ ಸರಿಯುವಾಗ ಕಡೆಗೆ ಕಂಡದ್ದೇ ಅದು. ಮೋಡದ ಹಾಗೆ, ಬೂದು ಬೆರೆತ ನೀಲಿ.

"ನೀರಿನಲ್ಲಿ ಕೆಂಪು ಬಣ್ಣ ಕಾಣುವುದಿಲ್ಲವಂತೆ" ಎಂದೆ.

"ಆಳದಲ್ಲಿ. ನಾವಿದ್ದದ್ದು ಎದೆಯುದ್ದ ನೀರಿನಲ್ಲಿ, ಮಾವ."

ನನಗೆ ಸಮಾಧಾನವಾಗಲಿಲ್ಲ. ಮರುವಾರ ಶ್ರೀರಂಗಪಟ್ಟಣಕ್ಕೆ ಹೋಗಿ, ಹೊಳೆಯ ಮೇಲೇ ಹುಟ್ಟಿ ಬೆಳೆದ ಬೆಸ್ತರ ಮುದುಕರೊಬ್ಬರನ್ನು ಹುಡುಕಿ, ಕಂಡದ್ದನ್ನೆಲ್ಲ ಹೇಳಿದೆ. ಹರಿದ ಬಲೆಯನ್ನು ಹೆಣೆಯುತ್ತಿದ್ದವರು ತಲೆಯೆತ್ತದೆ ಎರಡೇ ಪ್ರಶ್ನೆ ಕೇಳಿದರು.

"ಗೂನಿತ್ತಾ ಮೇಷ್ಟ್ರೇ?"

"ಇಲ್ಲ."

"ಬಾಲ ಕೆಂಚಗಿತ್ತಾ?"

"ಇಲ್ಲ."

"ಹಂಗಾರೆ ಅದಲ್ಲ ಬುಡಿ. ಅದು ಈಚೀಚೆಗೆ ಬಂದುದ್ದು. ಸರ್ಕಾರದೋರು ಮರಿ ಬುಟ್ಟಿದ್ದು." ಸ್ವಲ್ಪ ಹೊತ್ತು ಬಿಟ್ಟು ಸೇರಿಸಿದರು: "ಅದ ಕಂಡು ನಲವತ್ತು ವರ್ಸದ ಮ್ಯಾಲಾಯ್ತು."

ಅಕ್ಷರ ಕಲಿಯದ ಆ ಹಿರಿಯರೂ, ವಂಶವಾಹಿ ಪರೀಕ್ಷಿಸಿದ ವಿದ್ವಾಂಸರೂ, ನೇತ್ರಾಣಿಯಲ್ಲಿ ಮುಳುಗಿ ಬಂದ ಹುಡುಗನೂ ನೋಡುವುದು ಒಂದೇ ಕಡೆ: ವ್ಯತ್ಯಾಸವಿರುವಲ್ಲಿ. ಅಂದಕ್ಕೆ ಮರುಳಾದವನು ನಾನೊಬ್ಬನೇ.

*

ನಾನು ಕಂಡದ್ದು ನೀಲಿರೆಕ್ಕೆಯ ಮಹಶೀರ್, ಸೈಕ್ಸನು ಖುದ್ರೀ ಎಂದು ಕರೆದ ಜಾತಿ. ಅದರ ತವರು ಕೃಷ್ಣೆಯ ಕಡೆಯ ನದಿಗಳು. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯವರು ಕಳೆದ ಶತಮಾನದ ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಇದರ ಮರಿ ಮಾಡಿಸುವ ವಿದ್ಯೆಯನ್ನು ಸಾಧಿಸಿದರು. ಆ ಮರಿಗಳು ದೇಶದ ಹಲವು ನದಿಗಳಿಗೆ ಹೋದವು, ಕಾವೇರಿಗೂ ಬಂದವು. ಕೊಡಗಿನ ಹಾರಂಗಿಯಲ್ಲಿ ನಮ್ಮ ಸರ್ಕಾರದ ಮೀನುಗಾರಿಕೆ ಇಲಾಖೆಯ ಮಹಶೀರ್ ಮರಿಕೇಂದ್ರವೂ ಇದೆ. ಯಾರಿಗೂ ದುರುದ್ದೇಶವಿರಲಿಲ್ಲ, ಮಹಶೀರ್ ಕಡಿಮೆಯಾಗುತ್ತಿದೆ, ಮಹಶೀರ್ ಬಿಡೋಣ ಎಂದರು. ಎರಡು ಮಹಶೀರ್ ಒಂದೇ ಅಲ್ಲ ಎಂದು ಹೇಳಲು ಒಂದಕ್ಕೆ ಹೆಸರೇ ಇರಲಿಲ್ಲವಲ್ಲ!

ಶಿವನಸಮುದ್ರದ ಕೆಳಗೆ, ಗಾಲಿಬೋರೆಯಲ್ಲಿ ಗಾಳದವರ ಬಿಡಾರವಿತ್ತು. ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮತ್ತೆ ಹೊಳೆಗೇ ಬಿಡುವುದು ಅಲ್ಲಿನ ನಿಯಮ. 1998ರಿಂದ 2012ರ ವರೆಗಿನ ಆ ದಾಖಲೆಯನ್ನು ವಿದ್ವಾಂಸರು ಓದಿದಾಗ ಕಂಡದ್ದು ಇದು: ವರ್ಷ ಕಳೆದಂತೆ ನೀಲಿರೆಕ್ಕೆಯವು ಹೆಚ್ಚಿದವು, ಗೂನುಬೆನ್ನಿನವು ಕಡಿಮೆಯಾದವು; ಆದರೆ ಸಿಕ್ಕ ಗೂನುಬೆನ್ನಿನವುಗಳ ಸರಾಸರಿ ತೂಕ ಮಾತ್ರ ಏರುತ್ತ ಹೋಯಿತು. ಮೇಲ್ನೋಟಕ್ಕೆ ಶುಭವಾರ್ತೆ. ಯೋಚಿಸಿ ನೋಡಿ: ಒಂದು ಊರಿನ ಜನರ ಸರಾಸರಿ ವಯಸ್ಸು ವರ್ಷವರ್ಷಕ್ಕೂ ಏರುತ್ತಿದೆ ಎಂದರೆ ಅಲ್ಲಿ ತೊಟ್ಟಿಲು ತೂಗುತ್ತಿಲ್ಲ ಎಂದರ್ಥ. ಮುದುಕರು ಮಾತ್ರ ಉಳಿದಿದ್ದಾರೆ.

ಹೊಸದಾಗಿ ಬಂದ ಮೀನೊಂದನ್ನೇ ದೂರಿ ಫಲವಿಲ್ಲ. ಮಹಶೀರ್ ಮಳೆಗಾಲದಲ್ಲಿ ಹೊಳೆಯೆದುರು ಈಜಿ, ಮೇಲಿನ ಬೆಣಚುಕಲ್ಲಿನ ಹಾಸುಗಳಲ್ಲಿ ಮೊಟ್ಟೆಯಿಡುವ ಮೀನು. 1911ರಲ್ಲಿ ಕೆಲಸ ಮೊದಲಾಗಿ ಮೂವತ್ತರ ದಶಕದ ಆದಿಯಲ್ಲಿ ಮುಗಿದ ಕನ್ನಂಬಾಡಿ ಕಟ್ಟೆ ಕಾವೇರಿಯ ದಾರಿಯನ್ನು ಮುಚ್ಚಿತು. 1979ರಲ್ಲಿ ಗೊರೂರಿನ ಕಟ್ಟೆ ಹೇಮಾವತಿಯದನ್ನು. ಆ ಕಟ್ಟೆಗಳ ನೀರು ಉಂಡು ಬೆಳೆದ ಮಂಡ್ಯದ ಮಗ ನಾನು. ನನ್ನ ಶಾಲೆಯ ಶುಲ್ಕ ಬಂದದ್ದು ಕಬ್ಬಿನ ಗದ್ದೆಯಿಂದ. ಕಟ್ಟೆ ಬೇಡವಾಗಿತ್ತು ಎನ್ನುವ ಬಾಯಿ ನನಗಿಲ್ಲ. ಆದರೆ ಆ ಗದ್ದೆಯ ಲೆಕ್ಕದಲ್ಲಿ ಹೊಳೆಯ ಮೀನಿನ ಹೆಸರಿಗೊಂದು ಸಾಲ ಬಾಕಿ ಇದೆ ಎಂಬುದನ್ನು ಬರೆದಾದರೂ ಇಡಬೇಕು. ಮೇಲೆ ಮರಳು ತೆಗೆದದ್ದು, ಸಿಡಿಮದ್ದು ಹಾಕಿ ಮೀನು ಹಿಡಿದದ್ದು—ಇದಕ್ಕಂತೂ ಯಾವ ಸಮರ್ಥನೆಯೂ ಇಲ್ಲ.

ಶ್ರೀರಂಗಪಟ್ಟಣದ ಪಕ್ಕದಲ್ಲೇ ರಂಗನತಿಟ್ಟು. ಸಲೀಂ ಅಲಿಯವರ ಮಾತಿನಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು. ಅಲ್ಲಿನ ಹಕ್ಕಿಗಳಿಗೆ ಕನ್ನಡ, ಇಂಗ್ಲಿಷು, ಲ್ಯಾಟಿನ್ನು ಮೂರರಲ್ಲೂ ಹೆಸರುಂಟು, ಹೆಸರು ಹಿಡಿದು ಕರೆಯುವ ಮಕ್ಕಳೂ ಉಂಟು. ಅದೇ ಹಕ್ಕಿಗಳ ನೆರಳು ಬೀಳುವ ನೀರಿನಲ್ಲಿರುವುದು ನಮಗೆ "ಒಂದು ಬಗೆಯ ಮೀನು". ಎಂದೂ ಹೀಗೇ ಇತ್ತೆನ್ನಲಾಗದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕುಳಿತು ಮಾನಸೋಲ್ಲಾಸವನ್ನು ಬರೆಸಿದ ಚಾಳುಕ್ಯ ದೊರೆ ಸೋಮೇಶ್ವರನು ಮತ್ಸ್ಯವಿನೋದಕ್ಕೆಂದೇ ಒಂದು ಭಾಗವನ್ನಿಟ್ಟು, ಯಾವ ಮೀನು ಎಲ್ಲಿರುತ್ತದೆ, ಏನು ತಿನ್ನುತ್ತದೆ, ಅದರ ಹುರುಪೆ ಹೇಗೆ ಎಂದು ಬಗೆಬಗೆಯಾಗಿ ಹೇಳಿಸಿದ. ಆ ಭಾಗವನ್ನು ನಮ್ಮ ಕಾಲದಲ್ಲಿ ಶ್ರದ್ಧೆಯಿಂದ ಓದಿ ಲೇಖನ ಬರೆದವರು ಮೀನುಶಾಸ್ತ್ರಜ್ಞರಾದ ಅದೇ ಹೋರಾ. ನಾನು ಎಂ.ಎ.ಗೆ ಓದುವಾಗ ಮಾನಸೋಲ್ಲಾಸದ ಕಾಲವನ್ನೂ ಕರ್ತೃವನ್ನೂ ಬಾಯಿಪಾಠ ಮಾಡಿದ್ದೆ. ಒಳಗಿನ ಮೀನುಗಳನ್ನು ನೋಡಿರಲಿಲ್ಲ.

ಪಾಂಡವಪುರದ ನನ್ನ ಮನೆಯ ಮೇಜಿನ ಮೇಲೆ ಈಗ ಒಂದು ದಪ್ಪ ನೋಟುಪುಸ್ತಕವಿದೆ. ಲೋಕಪಾವನಿಯಲ್ಲಿ, ನಾಗಮಂಗಲದ ಕೆರೆಗಳಲ್ಲಿ, ಹೇಮಾವತಿಯಲ್ಲಿ ಯಾವ ಮೀನಿಗೆ ಜನ ಏನೆನ್ನುತ್ತಾರೆ ಎಂದು ಬಲೆ ಹಾಕುವವರನ್ನೇ ಕೇಳಿ ಬರೆದುಕೊಳ್ಳುತ್ತಿದ್ದೇನೆ. ಹೆಸರಿನ ಮುಂದೆ ಬೆನ್ನು, ರೆಕ್ಕೆ, ಬಾಲ, ಮೀಸೆ ಎಂದು ನಾಲ್ಕು ಮನೆ ಹಾಕಿದ್ದೇನೆ. ಹಳೆಯ ವಿದ್ಯಾರ್ಥಿಗಳು ಕೆಲವರು, ಈಗ ತಾವೇ ಮೇಷ್ಟರಾದವರು, ತಮ್ಮ ಊರಿನ ಹೆಸರುಗಳನ್ನು ಕಳಿಸುತ್ತಿದ್ದಾರೆ.

ಮೊದಲ ಪುಟದಲ್ಲಿ ಎರಡು ದಾಖಲೆಗಳಿವೆ. ಒಂದು: ಹೇಮಗಿರಿ, ರಥಸಪ್ತಮಿಯ ಮರುದಿನ, ಬೆನ್ನು ಸಲೀಸು, ಬಾಲ ನೀಲಿ, ನೀಲಿರೆಕ್ಕೆಯ ಮಹಶೀರ್. ಎರಡು: ಪಶ್ಚಿಮವಾಹಿನಿ, 1960ರ ಸುಮಾರು, ಬೆನ್ನು ತಲೆಯಿಂದಲೇ ಉಬ್ಬಿದ್ದು, ಬಾಲ ಸಂಜೆಯ ಬಣ್ಣ, ನೋಡಿದವರು ಅಜ್ಜಿ ಮತ್ತು ಮೊಮ್ಮಗ. ಇದರ ಮುಂದೆ ಬಿಳಿಮೀನು ಎಂದು ಬರೆದು, ಏಳೆಂಟು ವರ್ಷದ ಹುಡುಗನ ಕಣ್ಣನ್ನು ಎಷ್ಟು ನಂಬಬಹುದು ಎಂದು ಯೋಚಿಸಿ, ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಹುಡುಗ ಅದನ್ನು ನೋಡಿ, "ಅದು ಇರಲಿ ಮಾವ, ಅಳಿಸಬೇಡಿ" ಎಂದ.